ನೆರೆಮನೆಗೆ ಕೊಡುವ ನೀರು: ದಾನವೋ, ಸಾಲವೋ?



ಮಾರ್ಚ್ ಬಂತೆಂದರೆ ನಮ್ಮಲ್ಲಿ ಎರಡು ಕಾಲಗಳು ಒಟ್ಟಿಗೆ ನಡೆಯುತ್ತವೆ. ಚರ್ಚಿನಲ್ಲಿ ತಪಸ್ಸುಕಾಲ, ಮನೆಯಲ್ಲಿ ನೀರಿನ ಚಿಂತೆಯ ಕಾಲ. ಶುಕ್ರವಾರ ಶಿಲುಬೆ ಹಾದಿ ಮುಗಿಸಿ ಬಂದವರು ಅಂಗಳಕ್ಕೆ ಕಾಲಿಟ್ಟ ಕೂಡಲೇ ಬಾವಿಗೆ ಬಗ್ಗಿ ನೋಡುತ್ತೇವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಕಾಸರಗೋಡಿನಲ್ಲಿ ಏಪ್ರಿಲ್ ತಿಂಗಳಲ್ಲಿ ನೀರಿಲ್ಲ ಎಂದರೆ ದೂರದ ನೆಂಟರು ನಂಬುವುದಿಲ್ಲ. ಆದರೆ ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಇಳಿಜಾರಿನಲ್ಲಿ ಹರಿದು ಸಮುದ್ರ ಸೇರುತ್ತದೆ. ಮುರಕಲ್ಲಿನ ಗುಡ್ಡ ಎಷ್ಟನ್ನು ಹಿಡಿದಿಟ್ಟುಕೊಂಡಿತೋ ಅಷ್ಟೇ ನಮ್ಮ ಬೇಸಿಗೆಯ ಪಾಲು.

ಆ ಪಾಲನ್ನು ಪಡೆಯಲು ನಮ್ಮ ಹಿರಿಯರು ಸುರಂಗ ತೋಡುತ್ತಿದ್ದರು. ಗುಡ್ಡದ ಬದಿಯಿಂದ ಒಳಕ್ಕೆ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರಕ್ಕೆ, ಪಿಕ್ಕಾಸಿನಿಂದ ಕಡಿಯುತ್ತಾ ಹೋಗುವುದು. ಒಳಗೆ ಒಸರುವ ನೀರು ಪಂಪು, ಕರೆಂಟು ಯಾವುದೂ ಇಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ನಮ್ಮ ಮೇಲಿನ ಮನೆಯ ಅಕ್ಕನಿಗೂ ಅಂಥದೊಂದು ಸುರಂಗವಿದೆ. ಅವರ ಮಾವನ ಕಾಲದ್ದು. ಈ ವರ್ಷ ಮಾರ್ಚ್ ಮುಗಿಯುವ ಮೊದಲೇ ಅದು ಬತ್ತಿಹೋಯಿತು.

ನಮ್ಮ ಮನೆಯಲ್ಲಿ ಕೊಳವೆಬಾವಿ ಇದೆ. ನಾಲ್ಕು ವರ್ಷಗಳ ಹಿಂದೆ ಅಡಿಕೆ ತೋಟಕ್ಕೆಂದು ಕೊರೆಸಿದ್ದು. ಹಾಗಾಗಿ ಸಂಜೆ ಅರ್ಧ ಗಂಟೆ ಅಕ್ಕನ ಮನೆಗೆ ಪೈಪು ಹಾಕಿದೆವು. ದಿನಕ್ಕೆ ಹತ್ತು ಕೊಡದಷ್ಟು ನೀರು. ಬಾಯಿಬಿಟ್ಟು ಹೇಳದಿದ್ದರೂ ಅದನ್ನು ತಪಸ್ಸುಕಾಲದ ದಾನದ ಲೆಕ್ಕಕ್ಕೆ ಬರೆದುಕೊಂಡಿದ್ದೆವು. ಬಾಯಾರಿದವರಿಗೆ ನೀರು ಕೊಡುವುದು ಕರುಣೆಯ ಕಾರ್ಯವೆಂದು ಧರ್ಮೋಪದೇಶ ತರಗತಿಯಲ್ಲಿ ನಾವೇ ಮಕ್ಕಳಿಗೆ ಕಲಿಸಿದವರಲ್ಲವೇ?

ಪಾಸ್ಕ ಹಬ್ಬದ ಮರುದಿನ ಅಕ್ಕ ಒಂದು ಕಟ್ಟು ಹಲಸಿನ ಹಪ್ಪಳ ಹಿಡಿದುಕೊಂಡು ಬಂದರು. “ಇದೆಲ್ಲ ಯಾಕೆ?” ಎಂದು ಅಮ್ಮ ಕೇಳಿದಾಗ, “ದಿನಾ ನೀರು ಸುಮ್ಮನೆ ತೆಗೆದುಕೊಳ್ಳುವುದು ಹೇಗೆ ಬಾಯಮ್ಮಾ?” ಎಂದರು. ಅವರು ನಮ್ಮ ಮುಖ ನೋಡಿ ಮಾತನಾಡಲಿಲ್ಲ.

ಅವರು ಹೋದ ಮೇಲೆ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಹೇಳಿದರು: “ನಾನು ಮದುವೆಯಾಗಿ ಬಂದಾಗ ಈ ಮನೆಗೆ ಬಾವಿ ಇರಲಿಲ್ಲ. ಏಳೆಂಟು ಬೇಸಿಗೆ ಅವರ ಸುರಂಗದ ನೀರನ್ನೇ ಕುಡಿದದ್ದು. ಹೊತ್ತು ತಂದದ್ದು ನೆನಪಿದೆ. ಹಪ್ಪಳ ಕೊಟ್ಟದ್ದು ನೆನಪಿಲ್ಲ.”

ಆ ರಾತ್ರಿ ಜಪಸರದ ಹೊತ್ತಿಗೆ ಮನೆಯಲ್ಲಿ ಯಾರಿಗೂ ಮಾತು ಬೇಡವಾಗಿತ್ತು. ಸುರಂಗ ಬತ್ತಿದ್ದು ನಮ್ಮ ಕೊಳವೆಬಾವಿಯಿಂದಲೇ ಇರಬಹುದೇ? ಬಿ.ಎಸ್ಸಿ. ಓದಿದ ತಲೆಗೆ ಕೂಡಲೇ ಹೊಳೆದ ಉತ್ತರ, “ಹಾಗೆಂದು ಹೇಳಲಾಗದು” ಎಂಬುದು. ಆಳದಿಂದ ನೀರೆಳೆದಾಗ ಸುತ್ತಲಿನ ಜಲಮಟ್ಟ ಇಳಿಯುವುದುಂಟು, ನಿಜ. ಆದರೆ ಈ ಗುಡ್ಡದ ಸುತ್ತ ಬೇರೆ ಕೊಳವೆಬಾವಿಗಳೂ ಇವೆ. ಆಚೆ ಮಗ್ಗುಲಲ್ಲಿ ಕಲ್ಲು ಕಡಿಯುತ್ತಿದ್ದಾರೆ. ಕಾಡು ಹೋಗಿ ರಬ್ಬರ್ ಬಂದಿದೆ. ಕಾರಣ ಇದೊಂದೇ ಎಂದು ಯಾವ ಪ್ರಯೋಗಾಲಯವೂ ಸುಲಭವಾಗಿ ಹೇಳಲಾರದು.

ಈ ಉತ್ತರ ಸುಳ್ಳಲ್ಲ. ಆದರೂ ಅದರಿಂದ ನಮಗೆ ಸಮಾಧಾನವಾಗಲಿಲ್ಲ. ನ್ಯಾಯಾಲಯದಲ್ಲಿ ಸಂಶಯದ ಲಾಭ ಆರೋಪಿಗೆ ಸಿಗುತ್ತದೆ, ಅದು ಸರಿ. ಆದರೆ ನೆರೆಹೊರೆಯಲ್ಲಿ? ಅಲ್ಲಿಯೂ ಸಂಶಯದ ಲಾಭವನ್ನು ಯಾವಾಗಲೂ ನೀರಿರುವವರೇ ತೆಗೆದುಕೊಂಡರೆ, ಕೊಡ ಹಿಡಿದು ನಿಂತವರಿಗೆ ಉಳಿಯುವುದೇನು? ತಪ್ಪು ನಮ್ಮದೆಂದು ಸಾಬೀತಾಗಲಿಲ್ಲ ಎಂಬುದು ಒಂದು ಮಾತು. ತಪ್ಪು ನಮ್ಮದಲ್ಲ ಎಂಬುದು ಬೇರೆ ಮಾತು. ನಾವು ಮೊದಲನೆಯದನ್ನು ಹೇಳಿ ಎರಡನೆಯದರ ನೆಮ್ಮದಿ ಪಡೆಯುತ್ತಿದ್ದೆವು.

ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕನ ಬಾವಿಗಳ ಕಥೆಯಿದೆ. ಅವನ ಆಳುಗಳು ಬಾವಿ ತೋಡಿದಾಗಲೆಲ್ಲ ಗೆರಾರಿನ ಕುರುಬರು ಬಂದು ನೀರು ತಮ್ಮದೆಂದು ಜಗಳವಾಡಿದರು. ಇಸಾಕನು ಎರಡು ಬಾವಿಗಳನ್ನು ಬಿಟ್ಟುಕೊಟ್ಟು ಮುಂದೆ ಹೋಗಿ ಮೂರನೆಯದನ್ನು ತೋಡಿಸಿದ. ಈ ಕಥೆ ಕೇಳುವಾಗ ನಾವೆಲ್ಲ ನಮ್ಮನ್ನು ಇಸಾಕನ ಕಡೆಯವರೆಂದೇ ತಿಳಿಯುತ್ತೇವೆ. ಈ ಬೇಸಿಗೆಯಲ್ಲಿ ಮೊದಲ ಬಾರಿಗೆ ನಾವು ಕುರುಬರ ಕಡೆಯಲ್ಲಿ ಕಾಣಿಸಿದೆವು. ಮೂರು ಸೆಂಟು ಅಂಗಳದ ಅಕ್ಕ ಮುಂದೆ ಹೋಗಿ ಇನ್ನೊಂದು ಬಾವಿ ಎಲ್ಲಿ ತೋಡಿಸಬೇಕು?

ಯೊವಾನ್ನನ ಶುಭಸಂದೇಶದ 4ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮಧ್ಯಾಹ್ನದ ಬಿಸಿಲಿನಲ್ಲಿ ದಣಿದು ಯಕೋಬನ ಬಾವಿಯ ಬಳಿ ಕುಳಿತು, ಸಮಾರ್ಯದ ಹೆಂಗಸಿನ ಹತ್ತಿರ ನೀರು ಕೇಳುತ್ತಾರೆ. ಕೇಳುವ ಜಾಗದಲ್ಲಿ ನಿಂತವರು ಸ್ವತಃ ಪ್ರಭು. ನಮ್ಮ ವಾಳೆಯಲ್ಲಿ ಕೊಂಕಣಿಯ ಉದಾಕ್, ತುಳುವಿನ ನೀರ್, ಮಲಯಾಳದ ವೆಳ್ಳಂ ಎಲ್ಲವೂ ಇವೆ. ಯಾವ ಭಾಷೆಯಲ್ಲಿ ಕೇಳಿದರೂ, ಕೇಳುವವರು ತಲೆ ತಗ್ಗಿಸಬೇಕಾಗಿ ಬಂದರೆ ನಮ್ಮ ಕೊಡುಗೆಯಲ್ಲಿ ಏನೋ ಕೊರತೆಯಿದೆ.

ಧರ್ಮಸಭೆಯ ಬೋಧನೆಯೂ ಹೀಗೇ ಇದೆ. ಬಡವರಿಗೆ ಅಗತ್ಯವಾದದ್ದನ್ನು ಕೊಡುವಾಗ ನಾವು ನಮ್ಮದನ್ನು ಕೊಡುವುದಿಲ್ಲ, ಅವರದನ್ನು ಹಿಂದಿರುಗಿಸುತ್ತೇವೆ. ಅದು ಕರುಣೆಗಿಂತ ಹೆಚ್ಚಾಗಿ ನ್ಯಾಯದ ಸಾಲ ಎಂಬುದು ಸಂತ ಮಹಾ ಗ್ರೆಗೊರಿಯವರ ಉಪದೇಶದ ಸಾರ. ಪೋಪ್ ಫ್ರಾನ್ಸಿಸ್ 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರನ್ನು ಮನುಷ್ಯರೆಲ್ಲರ ಮೂಲಭೂತ ಹಕ್ಕೆಂದು ಕರೆದಿದ್ದಾರೆ. ಹಕ್ಕಿನ ನೀರಿಗೆ ಹಪ್ಪಳದ ಬೆಲೆ ಕಟ್ಟುವಂತಾಗಬಾರದು.

ಅಪ್ಪನಿಗೆ ಇದೆಲ್ಲ ಸುಲಭದಲ್ಲಿ ಒಪ್ಪಿಗೆಯಾಗಲಿಲ್ಲ. “ತೋಟ ಒಣಗಿದ್ದರೆ ನಿಮ್ಮ ಕಾಲೇಜಿನ ಫೀಸು ಎಲ್ಲಿಂದ ಬರುತ್ತಿತ್ತು?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕುಟುಂಬವನ್ನು ಸಾಕುವುದೂ ದೇವರು ಕೊಟ್ಟ ಕರ್ತವ್ಯವೇ. ಆದ್ದರಿಂದ ಒಟ್ಟಿಗೆ ಕುಳಿತು ಲೆಕ್ಕ ಹಾಕಿದೆವು. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ನೀರು ಸಾಕು. ನಾವು ಅಕ್ಕನ ಮನೆಗೆ ಕೊಡುತ್ತಿದ್ದದ್ದು ಆರೇಳು ಮರಗಳ ನೀರು. ನಮ್ಮಲ್ಲಿರುವುದು ಮುನ್ನೂರು ಮರ. ಸ್ಪ್ರಿಂಕ್ಲರಿನಲ್ಲಿ ಗಾಳಿಗೆ ಹಾರಿಹೋಗುತ್ತಿದ್ದ ನೀರು ಇದಕ್ಕಿಂತ ಹೆಚ್ಚಿತ್ತು. ಲೆಕ್ಕ ನೋಡಿದ ಮೇಲೆ ಅಪ್ಪ ಏನೂ ಹೇಳಲಿಲ್ಲ. ಮರುವಾರ ಹನಿ ನೀರಾವರಿಯ ಪೈಪಿನ ದರ ಕೇಳಿಕೊಂಡು ಬಂದರು. ಅರ್ಧ ತೋಟಕ್ಕೆ ಅಳವಡಿಸಿ ಆಗಿದೆ; ಉಳಿದರ್ಧಕ್ಕೆ ಈ ವರ್ಷ ಹಣವಿಲ್ಲ.

ಅಕ್ಕನ ಅಂಗಳಕ್ಕೆ ಈಗ ಮಣ್ಣಿನಡಿಯಲ್ಲಿ ಪೈಪು ಹೋಗಿದೆ. ನಳ್ಳಿ ಅವರ ಬದಿಯಲ್ಲಿದೆ. ಬೇಕಾದಾಗ ತಿರುಗಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಅಜ್ಜಿಯ ಮಾತಿನಂತೆ ಅಮ್ಮ ಹೋಗಿ, “ಇದು ನಿಮ್ಮ ಅತ್ತೆಯವರ ನೀರಿನ ಸಾಲ” ಎಂದು ಹೇಳಿ ಬಂದರು. ಅಕ್ಕ ನಕ್ಕರಂತೆ.

ಸಾಲ ಅಲ್ಲಿಗೆ ತೀರಲಿಲ್ಲ. ಬತ್ತಿದ ಸುರಂಗ ಹಾಗೇ ಇದೆ. ಮೇ ತಿಂಗಳ ಜಪಸರ ಕೂಟಗಳು ಮುಗಿದು ಮಳೆ ಹಿಡಿಯುವ ಮೊದಲು, ನಮ್ಮ ಯುವಜನ ಸಂಘದವರು ಆ ಗುಡ್ಡದಲ್ಲಿ ಇಂಗುಗುಂಡಿ ತೋಡಲು ಎರಡು ಭಾನುವಾರ ಗೊತ್ತುಮಾಡಿದ್ದೇವೆ. ಬಲಿಪೂಜೆಯ ನಂತರ ಹಾರೆ, ಬುಟ್ಟಿ ತಂದರೆ ಸಾಕು; ಮಧ್ಯಾಹ್ನದ ಗಂಜಿ ನಮ್ಮದು. ಸುರಂಗದಲ್ಲಿ ಮತ್ತೆ ನೀರು ಬಂದೀತೆಂದು ಮಾತು ಕೊಡಲಾರೆವು. ಆದರೆ ಗುಡ್ಡದಿಂದ ತೆಗೆದವರು ಗುಡ್ಡಕ್ಕೆ ಕೊಡಬೇಕಾದದ್ದೂ ಇದೆ.

ಪ್ರಿಯರೇ, ಈ ವಾರ ನಿಮ್ಮ ಮನೆಯ ಹಿರಿಯರನ್ನು ಒಂದು ಮಾತು ಕೇಳಿನೋಡಿ: ನಮಗೆ ಬಾವಿ ಇಲ್ಲದಿದ್ದಾಗ ನಾವು ಯಾರ ಮನೆಯ ನೀರು ಕುಡಿದೆವು?