ಹೆಣ್ಣಿಗೆ ಸಾಲವೋ, ಪಾಲೋ?

ನಮ್ಮ ಧರ್ಮಕೇಂದ್ರಗಳಿಗೆ ಮಹಿಳಾ ಸ್ವಸಹಾಯ ಸಂಘಗಳು ಹೊಸತಲ್ಲ. 1992ರಲ್ಲಿ ನಬಾರ್ಡ್ ಇಂತಹ ಸಂಘಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿತು. ಅಂದಿನಿಂದ ಹತ್ತಿಪ್ಪತ್ತು ಮಂದಿ ಸ್ತ್ರೀಯರು ಒಟ್ಟುಗೂಡಿ, ಪುಡಿಗಾಸು ಉಳಿಸಿ, ಅಡವಿಲ್ಲದೆ ಸಾಲ ಪಡೆದು ಹಸು ಕೊಂಡಿದ್ದಾರೆ, ಹೊಲಿಗೆಯಂತ್ರ ಕೊಂಡಿದ್ದಾರೆ, ಮಕ್ಕಳ ಶಾಲಾಶುಲ್ಕ ಕಟ್ಟಿದ್ದಾರೆ. ಹೆಣ್ಣಿನ ಮೇಲೆ ಹೂಡಿದ ಹಣ ಮನೆಮಂದಿಗೆಲ್ಲ ಸಲ್ಲುತ್ತದೆಂದು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಅದು ಸುಳ್ಳಲ್ಲ.

ಆದರೆ ಆ ಸಾಲಕ್ಕೆ ಅಡವು ಕೇಳದಿರುವುದರ ಹಿಂದೆ ಒಂದು ಕಹಿಸತ್ಯವಿದೆ: ಅಡವಿಡಲು ಆಕೆಯ ಬಳಿ ಏನೂ ಇಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ನೂರಕ್ಕೆ ಸುಮಾರು 14 ಮಂದಿ ಮಾತ್ರ. ಹೊಲದಲ್ಲಿ ಬಾಗುವ ಬೆನ್ನುಗಳನ್ನು ಎಣಿಸಿದರೆ ಲೆಕ್ಕ ಬೇರೆಯೇ ಆದೀತು. ಬಡ್ಡಿಯೊಡನೆ ಹಿಂದಿರುಗಿ ಬರುವ ಸಾಲವನ್ನು ಕೊಡಲು ನಮಗಿರುವ ಉತ್ಸಾಹ, ಹಿಂದಿರುಗದ ಪಾಲನ್ನು ಕೊಡುವಾಗ ಎಲ್ಲಿ ಹೋಗುತ್ತದೆ?

ಈ ಪ್ರಶ್ನೆಯನ್ನು ಕ್ರೈಸ್ತ ಸಮುದಾಯದೊಳಗಿಂದಲೇ ಎತ್ತಿದವರು ಕೇರಳದ ಮೇರಿ ರಾಯ್. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾನೂನಿನಂತೆ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ದೊರೆಯುತ್ತಿದ್ದುದು ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಸ್ತ್ರೀಧನ ಕೊಟ್ಟಿದ್ದರೆ ಅದೂ ಇಲ್ಲ. ಆಕೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅಲ್ಲಿನ ಕ್ರೈಸ್ತರಿಗೂ ಅನ್ವಯಿಸುತ್ತದೆಂದು 1986ರ ಫೆಬ್ರವರಿಯಲ್ಲಿ ತೀರ್ಪು ಬಂದಿತು. ಗಂಡಿಗೂ ಹೆಣ್ಣಿಗೂ ಸಮಪಾಲು! ಸಂತೋಷಪಡಬೇಕಾಗಿದ್ದ ಸಮುದಾಯದಲ್ಲಿ ಕಳವಳ ಹಬ್ಬಿತು. ದೇವಾಲಯದ ಪ್ರಸಂಗಪೀಠಗಳಿಂದಲೂ ವಿರೋಧದ ಮಾತು ಕೇಳಿಬಂದಿತೆಂಬುದನ್ನು ನಾವು ಮರೆಮಾಚಬಾರದು.

ಅದೇ ಪೀಠಗಳಿಂದ ಓದಲಾಗುವ ಪವಿತ್ರ ಗ್ರಂಥದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳಿದ್ದಾರೆ (ಸಂಖ್ಯಾಕಾಂಡ 27). ಗಂಡುಮಕ್ಕಳಿಲ್ಲದೆ ತೀರಿಕೊಂಡ ತಂದೆಯ ಸ್ವತ್ತಿನಲ್ಲಿ ತಮಗೆ ಪಾಲು ಬೇಕೆಂದು ಅವರು ಮೋಶೆಯ ಮುಂದೆ, ಸಮಸ್ತ ಸಭೆಯ ಮುಂದೆ ನಿಂತು ಕೇಳಿದರು. ಮೋಶೆ ತಾನೇ ತೀರ್ಮಾನಿಸದೆ ದೇವರ ಸನ್ನಿಧಿಗೆ ಹೋದನು. ಅವರ ಮಾತು ನ್ಯಾಯವಾದುದೆಂದೇ ಉತ್ತರ ಬಂದಿತು. (ಮುಂದೆ 36ನೆಯ ಅಧ್ಯಾಯದಲ್ಲಿ, ಭೂಮಿ ಕುಲದ ಹೊರಗೆ ಹೋಗದಂತೆ ಅವರ ಮದುವೆಗೆ ನಿರ್ಬಂಧ ಬಂದಿತು. ಆಸ್ತಿ ಕೈತಪ್ಪೀತೆಂಬ ಭಯ ಅಂದೂ ಇತ್ತು.)

'ಮದುವೆಯಲ್ಲಿ ಕೊಟ್ಟಾಯಿತಲ್ಲ' ಎನ್ನುವವರಿದ್ದಾರೆ. ವರದಕ್ಷಿಣೆ 1961ರಿಂದಲೇ ಕಾನೂನುಬಾಹಿರವೆಂಬುದು ಹಾಗಿರಲಿ. ಕೊಟ್ಟದ್ದು ಸೇರಿದ್ದು ಯಾರ ಕೈಯನ್ನು? ಮಗಳ ಹೆಸರಿನಲ್ಲಿ ಅಳಿಯನ ಮನೆಗೆ ಹೋದ ಹಣ ಅವಳ ಪಾಲಾಗುವುದೆಂತು? ಇರುವ ಒಂದೆಕರೆಯನ್ನು ನಾಲ್ವರಿಗೆ ಹಂಚಿದರೆ ಯಾರಿಗೂ ಉಪಯೋಗವಿಲ್ಲವೆಂಬ ಮಾತಿನಲ್ಲಿ ಹುರುಳಿದೆ, ಒಪ್ಪೋಣ. ಆದರೆ ಮಣ್ಣು ಹಂಚಲಾಗದಿದ್ದರೆ ಅದರ ಬೆಲೆಯನ್ನು ಹಂಚಬಹುದಲ್ಲವೇ?

ಕಾನೂನು ಮಾಡಬೇಕಾದದ್ದನ್ನು ಬಹುಮಟ್ಟಿಗೆ ಮಾಡಿದೆ. ಅದನ್ನು ತಪ್ಪಿಸಲು ಒಂದು ಉಯಿಲು ಸಾಕು. ಉಯಿಲಿಲ್ಲದಿದ್ದರೆ ಹಕ್ಕು ಬಿಡುಗಡೆ ಪತ್ರವಿದೆ. ತಂದೆಯ ತಿಂಗಳ ಪೂಜೆ ಮುಗಿಯುತ್ತಲೇ ಅಣ್ಣತಮ್ಮಂದಿರು ಅದನ್ನು ಮುಂದಿಡುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂದು ಹೆದರಿದ ಅಕ್ಕತಂಗಿಯರು, 'ಸ್ವಇಚ್ಛೆಯಿಂದ' ಎಂದು ಬರೆದ ಸಾಲಿನ ಕೆಳಗೆ ಸಹಿ ಹಾಕುತ್ತಾರೆ. ವಿವಾಹ ಸಿದ್ಧತಾ ಶಿಬಿರಗಳಲ್ಲಿ ನಾವು ವರದಕ್ಷಿಣೆಯ ವಿರುದ್ಧ ಮಾತನಾಡುತ್ತೇವೆ, ಈ ಸಹಿಯ ಬಗ್ಗೆ ಮಾತನಾಡುವುದಿಲ್ಲ. ಸಹಿ ಹಾಕಿ ಬಂದ ಸೋದರಿ ಮುಂದಿನ ವಾರ ಸಂಘದ ಸಭೆಯಲ್ಲಿ ಹತ್ತು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಬರೆಯುತ್ತಾಳೆ.