ಸಾಲವನ್ನು ಬರೆದಿಡಿರಿ

ನಿಮ್ಮ ಕಿಸೆಯಲ್ಲಿ ಇಂದು ಎಷ್ಟು ನೋಟುಗಳಿವೆ? ಮೀನಿನ ಅಂಗಡಿ, ರಿಕ್ಷಾ, ಮದ್ದಿನಂಗಡಿ, ಮಸೀದಿಯ ದೇಣಿಗೆ ಡಬ್ಬಿ, ಎಲ್ಲೆಡೆ ಕ್ಯೂಆರ್ ಕೋಡ್ ಅಂಟಿಸಿರುವುದು ಕಾಣಿಸುತ್ತದೆ. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ನವೆಂಬರ್ 8ರಂದು 500 ಮತ್ತು 1000 ರೂಪಾಯಿಯ ನೋಟುಗಳ ರದ್ದತಿ ಘೋಷಣೆಯಾಯಿತು. ನಗದು ಮುಗಿದು ಹೋಗಿಲ್ಲವಾದರೂ ದಿನನಿತ್ಯದ ಕೊಡುಕೊಳ್ಳುವಿಕೆಯಲ್ಲಿ ಅದರ ಸ್ಥಾನ ಕುಗ್ಗಿದೆ. ಚೆಕ್ ಪುಸ್ತಕವಂತೂ ಅನೇಕ ಮನೆಗಳಲ್ಲಿ ಕಪಾಟು ಸೇರಿದೆ. ಇದರಲ್ಲಿ ತಪ್ಪೇನೂ ಇಲ್ಲ. ಕಳ್ಳರ ಭಯ ಕಡಿಮೆ, ಚಿಲ್ಲರೆಯ ಜಗಳವೂ ಇಲ್ಲ.

ಆದರೆ ಸಾಲದ ವಿಷಯದಲ್ಲಿ ಸ್ವಲ್ಪ ಆಲೋಚಿಸಿರಿ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ನಮಾಝ್ ಅಥವಾ ಉಪವಾಸದ ಕುರಿತಾದುದಲ್ಲ. ಸಾಲವನ್ನು ಬರೆದಿಡುವ ಕುರಿತಾದುದು (ಅಲ್ ಬಕರಃ: 282). ಅವಧಿ ನಿಶ್ಚಯಿಸಿದ ಸಾಲವನ್ನು ಬರೆಯಬೇಕು, ಸಾಲ ಪಡೆದವನೇ ಅದನ್ನು ಬರೆಯಿಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂದು ಅದು ಆದೇಶಿಸುತ್ತದೆ. ಬರೆಯದಿರಲು ರಿಯಾಯಿತಿ ಇರುವುದು ಸ್ಥಳದಲ್ಲೇ ಕೊಟ್ಟು ತೆಗೆದುಕೊಳ್ಳುವ ವ್ಯಾಪಾರಕ್ಕೆ.

‘ಫೋನಿನಲ್ಲಿ ಎಲ್ಲವೂ ದಾಖಲಾಗಿದೆಯಲ್ಲ’ ಎಂದು ನೀವು ಹೇಳಬಹುದು. ಏನು ದಾಖಲಾಗಿದೆ? ಯಾರಿಂದ ಯಾರಿಗೆ, ಯಾವ ದಿನ, ಎಷ್ಟು ರೂಪಾಯಿ, ಇಷ್ಟೇ. ಅದು ಸಾಲವೇ, ಉಡುಗೊರೆಯೇ, ಹಳೆಯ ಬಾಕಿಯ ಮರುಪಾವತಿಯೇ, ಅಮಾನತ್ತೇ ಎಂಬುದನ್ನು ಯಂತ್ರವು ಹೇಗೆ ಬಲ್ಲದು? ಹಿಂದೆ ನಗದು ಎಣಿಸಿ ಕೊಡುವಾಗ ಎದುರಿಗೆ ಒಬ್ಬರು ಕುಳಿತಿರುತ್ತಿದ್ದರು, ಎರಡು ಮಾತು ನಡೆಯುತ್ತಿತ್ತು. ಚೆಕ್ ಕೊಟ್ಟವರು ಕೌಂಟರ್‌ಫಾಯಿಲಿನಲ್ಲಿ ಕಾರಣವನ್ನು ಗೀಚಿಡುವುದಿತ್ತು. ಈಗ ಬೆರಳೊತ್ತಿದರೆ ಮುಗಿಯಿತು. ಟಿಪ್ಪಣಿ ಬರೆಯಲು ಅಲ್ಲಿಯೂ ಒಂದು ಸಣ್ಣ ಜಾಗವಿದೆ ನಿಜ, ಅದನ್ನು ತುಂಬುವವರು ಎಷ್ಟು ಮಂದಿ?

ಗಲ್ಫಿನಲ್ಲಿ ದುಡಿಯುವ ಅಣ್ಣ ಊರಿನ ತಮ್ಮನ ಖಾತೆಗೆ ವರ್ಷಗಟ್ಟಲೆ ಹಣ ಕಳುಹಿಸುತ್ತಾನೆ. ಮನೆ ಏಳುತ್ತದೆ. ಅಣ್ಣ ಅದನ್ನು ತನ್ನ ಮನೆಯೆಂದು ಭಾವಿಸಿದ್ದಾನೆ. ತಮ್ಮ ಆ ಹಣವನ್ನು ತನಗಿತ್ತ ನೆರವೆಂದು ತಿಳಿದಿದ್ದಾನೆ. ಇಬ್ಬರಲ್ಲಿ ಯಾರೂ ಸುಳ್ಳುಗಾರರಲ್ಲ. ಆದರೂ ಮಕ್ಕಳ ಕಾಲಕ್ಕೆ ವಿಷಯ ಕೋರ್ಟಿನ ಮೆಟ್ಟಿಲೇರುತ್ತದೆ. ನಮ್ಮ ನಡುವೆ ಇಂತಹ ಮನೆಗಳಿಲ್ಲವೇ?

ಇನ್ನು ಮರಣದ ವಿಷಯ. ಸೊತ್ತನ್ನು ವಾರೀಸುದಾರರಿಗೆ ಹಂಚುವ ಮೊದಲು ಮೃತರ ಸಾಲ ತೀರಬೇಕೆಂದು ಅನ್ನಿಸಾ ಅಧ್ಯಾಯವು ವಿಧಿಸುತ್ತದೆ. ಸಾಲ ಬಿಟ್ಟು ಮಡಿದ ಒಬ್ಬರ ಜನಾಝಾ ನಮಾಝ್‌ಗೆ ಪ್ರವಾದಿ(ಸ)ರವರು ಮುಂದಾಗಲಿಲ್ಲ. ಆ ಸಾಲದ ಹೊಣೆಯನ್ನು ಅಬೂ ಖತಾದಾ(ರ) ವಹಿಸಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಇಂದು ಮೃತರ ಫೋನು ಲಾಕ್ ಆಗಿಯೇ ಉಳಿಯುತ್ತದೆ. ಅದರ ಪಿನ್ ಹೆಂಡತಿಗೂ ತಿಳಿದಿರುವುದಿಲ್ಲ. ಬ್ಯಾಂಕಿನಿಂದ ಖಾತೆಯ ವಿವರ ತರಿಸಿದರೂ ಅದರಲ್ಲಿರುವುದು ಹೆಸರು ಮತ್ತು ಅಂಕೆಗಳ ಪಟ್ಟಿ. ಯಾರಿಗೆ ಕೊಡಲಿಕ್ಕಿದೆ, ಯಾರಿಂದ ಬರಲಿಕ್ಕಿದೆ ಎಂದು ಆ ವಿಧವೆ ಯಾರನ್ನು ಕೇಳಬೇಕು?

ಮನೆಯಲ್ಲಿ ಒಂದು ನೋಟು ಪುಸ್ತಕವಿರಲಿ. ಹಣ ಕಳುಹಿಸಿದ ದಿನವೇ ಹೆಸರು, ಮೊತ್ತ, ಅದು ಸಾಲವೋ ಉಡುಗೊರೆಯೋ, ಸಾಲವಾದರೆ ಯಾವಾಗ ಹಿಂದಿರುಗಿಸಬೇಕು ಎಂಬುದನ್ನು ಬರೆಯಿರಿ. ಪಡೆದವರು ನೀವಾದರೆ ಇತರರು ಕೇಳುವ ಮೊದಲೇ ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ಕೊಟ್ಟವರಿಗೆ ತಲುಪಿಸಿರಿ. ಇಬ್ಬರು ಸಾಕ್ಷಿಗಳನ್ನೂ ಕರೆಯಿರಿ. ಆ ಪುಸ್ತಕ ಎಲ್ಲಿದೆಯೆಂದು ಈ ರಾತ್ರಿಯೇ ಮನೆಯವರಿಗೆ ತಿಳಿಸಿರಿ.