ಸತ್ತವರ ಪಾಲಿನ ಊಟ

ಫ್ರಾನ್ಸಿನ ಬರ್ಗಂಡಿಯಲ್ಲಿ ಹಳೆಯ ರೈಲುಹಾದಿಯೊಂದನ್ನು ಸೈಕಲ್ ದಾರಿ ಮಾಡಿದ್ದಾರೆ. ಆ ದಾರಿಯಲ್ಲಿ ಸೈಕಲ್ ತುಳಿದುಕೊಂಡು ಹೋದ ನಾವು ಕ್ಲೂನಿ ಎಂಬ ಪುಟ್ಟ ಪಟ್ಟಣದಲ್ಲಿ ತಂಗಿದೆವು. ಮರುದಿನ ಬೆಳಿಗ್ಗೆ ಸೈಕಲ್ ಬಿಟ್ಟು, ನಡೆದೇ ಊರು ನೋಡಿದೆವು.

ಇಲ್ಲಿ 910ರಲ್ಲಿ ಸ್ಥಾಪನೆಯಾದ ಬೆನೆಡಿಕ್ಟಿನ್ ಮಠವಿತ್ತು. 1088ರಲ್ಲಿ ಕಟ್ಟಲು ಆರಂಭಿಸಿದ ಅದರ ದೇವಾಲಯದ ಉದ್ದ ಸುಮಾರು 187 ಮೀಟರ್. ರೋಮಿನಲ್ಲಿ ಈಗಿರುವ ಸಂತ ಪೇತ್ರರ ಮಹಾದೇವಾಲಯ ಏಳುವವರೆಗೂ ಕ್ರೈಸ್ತ ಲೋಕದಲ್ಲಿ ಇದಕ್ಕಿಂತ ದೊಡ್ಡದಿರಲಿಲ್ಲ. ಫ್ರೆಂಚ್ ಕ್ರಾಂತಿಯ ನಂತರ, 1798ರಲ್ಲಿ ಇದನ್ನು ಮಾರಿದರು; ಕೊಂಡವರು ಕಲ್ಲಿಗಾಗಿ ಕೆಡವಿದರು. ಪವಿತ್ರ ತೀರ್ಥದ ಗೋಪುರ ಎಂದು ಕರೆಯುವ ಎಂಟು ಮೂಲೆಯ ಗಂಟೆಗೋಪುರವೂ ಒಂದಿಷ್ಟು ಗೋಡೆಯೂ ಉಳಿದಿವೆ. ದೇವಾಲಯದ ನಡುಭಾಗವಿದ್ದ ಜಾಗದಲ್ಲಿ ಈಗ ಬೀದಿ ಹಾದುಹೋಗುತ್ತದೆ.

ಆ ಬೀದಿಯಲ್ಲಿ ನಡೆಯುತ್ತಾ ನಾವು ಮಾತಾಡಿದ್ದು ಸತ್ತವರ ಬಗ್ಗೆ. ನವೆಂಬರ್ 2ರಂದು ನಾವು ಆಚರಿಸುವ ಸಕಲ ಮೃತರ ಸ್ಮರಣೆಯನ್ನು ಸುಮಾರು ಸಾವಿರ ವರ್ಷಗಳ ಹಿಂದೆ ತಮ್ಮ ಮಠಗಳಲ್ಲಿ ಜಾರಿಗೆ ತಂದವರು ಇಲ್ಲಿನ ಮಠಾಧಿಪತಿ ಸಂತ ಒದಿಲೋ. ಇಲ್ಲಿ ಪ್ರಾರ್ಥನೆಯ ಜೊತೆ ಅನ್ನದಾನವೂ ಇತ್ತು. ತೀರಿಹೋದ ಸನ್ಯಾಸಿಯ ಪಾಲಿನ ಊಟವನ್ನು ಅವರ ಹೆಸರಿನಲ್ಲಿ ಬಡವರಿಗೆ ಕೊಡುತ್ತಿದ್ದರು. ವರ್ಷ ಕಳೆದಂತೆ ಹೆಸರುಗಳ ಪಟ್ಟಿ ಬೆಳೆಯಿತು. ಮಠದ ಕಣಜ ಅದರಂತೆ ಬೆಳೆಯಲಿಲ್ಲ. 12ನೇ ಶತಮಾನದ ಮಠಾಧಿಪತಿ ವಂದನೀಯ ಪೇತ್ರರು ದಿನಕ್ಕೆ 50 ಪಾಲಿಗಿಂತ ಹೆಚ್ಚು ಬೇಡ ಎಂದು ಮಿತಿ ಹಾಕಿದರು. ಇಲ್ಲವಾದರೆ ಸತ್ತವರು ಬದುಕಿರುವವರನ್ನೇ ಮಠದಿಂದ ಹೊರಹಾಕಿಯಾರು ಎಂಬುದು ಅವರ ಭಯ.

ಇದು ನ್ಯಾಯವೇ? ನಮ್ಮಲ್ಲೇ ಎರಡು ಅಭಿಪ್ರಾಯ ಬಂತು. ಸತ್ತವರು ಬಂದು ಕೇಳಲಾರರು, ಆದ್ದರಿಂದಲೇ ಅವರಿಗೆ ಕೊಟ್ಟ ಮಾತನ್ನು ಕಡಿತ ಮಾಡಬಾರದು ಎಂಬುದು ಒಂದು. ಸನ್ಯಾಸಿಗಳೇ ಉಪವಾಸ ಬಿದ್ದರೆ ಪ್ರಾರ್ಥಿಸುವವರು ಯಾರು ಎಂಬುದು ಇನ್ನೊಂದು. ನಮಗೆ ಎರಡನೆಯದೇ ಸರಿ ಕಂಡಿತು. ಆದರೂ ಐವತ್ತೊಂದನೆಯ ಪಾಲು ನಿಂತ ದಿನ ಹಸಿದವನು ಸತ್ತ ಸನ್ಯಾಸಿಯಲ್ಲ, ಬಾಗಿಲಲ್ಲಿ ಕಾದು ನಿಂತಿದ್ದ ಬಡವ. ಅದನ್ನು ಮರೆಯಲಾಗಲಿಲ್ಲ.

ನಮ್ಮ ಸಮಾಧಿ ಭೂಮಿಯಲ್ಲಿ ಕನ್ನಡ, ತಮಿಳು, ಮಲಯಾಳಂ ಹೆಸರುಗಳು ಅಕ್ಕಪಕ್ಕ ಮಲಗಿವೆ. ಯಾವ ಭಾಷೆಯವರಾದರೂ ಸರಿ, ಗ್ರಾನೈಟ್ ಕಲ್ಲಿಗೆ, ವರ್ಷದ ಪೂಜೆಯ ಊಟಕ್ಕೆ ಸಾಲ ಮಾಡುವ ಮನೆಗಳಿವೆ. ಆ ಸಾಲ ತೀರುವುದು ಮಕ್ಕಳ ಶಾಲಾ ಶುಲ್ಕದಿಂದ. ಊಟಕ್ಕೆ ಕೂರುವವರಲ್ಲಿ ಹಸಿದವರೂ ಕಡಿಮೆ. ‘ಇಷ್ಟು ಸಾಕು’ ಎಂದು ಆ ಮನೆಗೆ ಹೇಳುವವರು ಯಾರು? ಗುರುಗಳು ಒಂದು ಮನೆಗೆ ಹೇಳಿದರೆ ಆ ಮನೆಯವರಿಗೆ ನೋವಾದೀತು. ಎಲ್ಲರಿಗೂ ಒಂದೇ ಮಿತಿ ಎಂದು ಪಾಲನಾ ಸಮಿತಿ ನವೆಂಬರ್‌ಗೆ ಮೊದಲೇ ಗೊತ್ತುಮಾಡಿದರೆ ಯಾರೂ ಯಾರ ಮುಂದೆಯೂ ತಲೆತಗ್ಗಿಸಬೇಕಾಗಿಲ್ಲ.